ಹಾಕಿ ಕೋಲಿನ ಆಯುಸ್ಸು

ಕಳೆದ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಬಿಸಿಬೇಳೆ ಭಾತು, ಮೊಸರನ್ನ ಎಲ್ಲ ಮುಗಿದ ಮೇಲೆ ನಮ್ಮ ಕೂಟದ ಮಕ್ಕಳು ಕಾರಿನ ಡಿಕ್ಕಿಯಿಂದ ಹಾಕಿ ಸ್ಟಿಕ್ಕುಗಳನ್ನು ತೆಗೆದು ಆಡಲು ಶುರುಮಾಡಿದರು. ನಮ್ಮ ವಯಸ್ಸಿನ ನಾಲ್ಕಾರು ಜನ ಹೊಟ್ಟೆ ಸವರಿಕೊಳ್ಳುತ್ತಾ ನೋಡುತ್ತಿದ್ದೆವು. ಮಿತ್ರರೊಬ್ಬರು ಒಂದು ಸ್ಟಿಕ್ಕನ್ನು ಎತ್ತಿ ನೋಡಿ, "ಇದು ಮರವೇ ಅಲ್ಲವಲ್ಲ ಡಾಕ್ಟ್ರೇ! ಎಷ್ಟು ವರ್ಷ ಬಾಳುತ್ತೆ?" ಎಂದು ಕೇಳಿದರು. ಎರಡು ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಪಕ್ಕದಲ್ಲೇ ಇದ್ದ ಸಂಪಾದಕರು "ಹಾಗಾದರೆ ಬರೆದುಕೊಡಿ" ಎಂದುಬಿಟ್ಟರು. ಪಿಕ್ನಿಕ್ಕಿನಲ್ಲಿ ಬಾಯಿಬಿಟ್ಟರೆ ಆಗುವ ಅನಾಹುತ ಇದು.

ಮೊದಲೇ ಒಂದು ಮಾತು. ಈ ದೇಶದಲ್ಲಿ ಬರಿಯ 'ಹಾಕಿ' ಎಂದರೆ ಮಂಜುಗಡ್ಡೆಯ ಮೇಲೆ ಆಡುವುದು. ಊರಿನಲ್ಲಿ ನಾವು ಹಾಕಿ ಎಂದು ಆಡಿದ್ದಕ್ಕೆ ಇಲ್ಲಿ 'ಫೀಲ್ಡ್ ಹಾಕಿ' ಎಂದು ಹೆಸರು, ಅದೂ ಹೆಣ್ಣುಮಕ್ಕಳ ಆಟ. 1996ರಲ್ಲಿ ರೆಸಿಡೆನ್ಸಿಗೆಂದು ಬಂದಾಗ ಸೂಟ್‌ಕೇಸಿನಲ್ಲಿ ಹಿಡಿಸದ ಸ್ಟಿಕ್ಕನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದೆವು. ಜೊತೆಯ ರೆಸಿಡೆಂಟ್ ಒಬ್ಬ ಅದನ್ನು ನೋಡಿ "ನಿನ್ನ ತಂಗಿಯದೇ?" ಎಂದು ಬಹಳ ವಿನಯದಿಂದ ಕೇಳಿದ.

ಹಾಗಾದದ್ದಕ್ಕೂ ಒಂದು ಚರಿತ್ರೆಯಿದೆ. 1901ರಲ್ಲಿ ಕಾನ್‌ಸ್ಟನ್ಸ್ ಆಪಲ್‌ಬೀ ಎಂಬ ಇಂಗ್ಲೆಂಡಿನ ಮಹಿಳೆ ಹಾರ್ವರ್ಡಿನ ಬೇಸಿಗೆ ತರಗತಿಗೆ ಬಂದವರು ಕೈಗೆ ಸಿಕ್ಕಿದ ಕೋಲುಗಳಿಂದಲೇ ಈ ಆಟವನ್ನು ಆಡಿಸಿ ತೋರಿಸಿದರು. ಹೆಣ್ಣುಮಕ್ಕಳ ಕಾಲೇಜುಗಳು ಅವರನ್ನು ಕರೆಸಿಕೊಂಡವು. ನಮ್ಮ ಫಿಲಡೆಲ್ಫಿಯಾದ ಪಕ್ಕದ ಬ್ರಿನ್ ಮಾರ್ ಕಾಲೇಜಿನಲ್ಲಂತೂ ಅವರು ಬಹುಕಾಲ ಇದ್ದರು. 1873ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು, 107 ವರ್ಷ ಬದುಕಿ. ಹಾಕಿ ಆಡಿದರೆ ಆಯುಸ್ಸು ಹೆಚ್ಚುತ್ತದೆ ಎಂದು ನಾವು ರೋಗಿಗಳಿಗೆ ಹೇಳುವಂತಿಲ್ಲ, ಒಬ್ಬರ ಸಾಕ್ಷ್ಯ ಸಾಲದು. ಗಂಡಸರೂ ಆಡದೆ ಇರಲಿಲ್ಲ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಭಾರತ ಅಮೆರಿಕವನ್ನು 24–1ರಿಂದ ಸೋಲಿಸಿತು. ಬಂದಿದ್ದದ್ದೇ ಮೂರು ತಂಡ, ಹೀಗಾಗಿ ಎರಡೂ ಪಂದ್ಯ ಸೋತ ಅಮೆರಿಕಕ್ಕೆ ಕಂಚಿನ ಪದಕ ಸಿಕ್ಕಿತು!

ಇನ್ನು ಕೋಲಿನ ಕಥೆಗೆ ಬರೋಣ. 1980ರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ನಾವು ಎಂಬಿಬಿಎಸ್ ಓದುತ್ತಿದ್ದಾಗ ಹೊಸ ಸ್ಟಿಕ್ಕು ಕೊಳ್ಳುವುದೆಂದರೆ ಜಾತ್ರೆಯಲ್ಲಿ ಎತ್ತು ಕೊಂಡಷ್ಟು ಸಡಗರ. ಹಾಸ್ಟೆಲಿನಿಂದ ಐದಾರು ಜನ ಸೈಕಲ್ಲಿನಲ್ಲಿ ಹೊರಡುತ್ತಿದ್ದೆವು. ಕೊಳ್ಳುವವನು ಒಬ್ಬ, ಆರಿಸುವವರು ನಮ್ಮ ಸೀನಿಯರ್, ವಿರಾಜಪೇಟೆಯ ಕಡೆಯವರು. ಕೊಡಗಿನವರಿಗೆ ಈ ವಿದ್ಯೆ ತೊಟ್ಟಿಲಿನಲ್ಲೇ ಬರುತ್ತದೆ ಎಂಬುದು ನಮ್ಮ ನಂಬಿಕೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಮೊದಲಾದವರು ಆಡಿದ ನಾಡು ಅದು. ಮುಂದೆ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಮೊದಲ ವರ್ಷವೇ 60 ಮನೆತನಗಳು ತಂಡ ಕಟ್ಟಿಕೊಂಡು ಬಂದವು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 300 ದಾಟಿದೆ.

ಸೀನಿಯರ್ ಅಂಗಡಿಯವನಿಂದ ಹತ್ತು ಸ್ಟಿಕ್ಕು ಇಳಿಸಿಕೊಳ್ಳುತ್ತಿದ್ದರು. ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ದೃಷ್ಟಿ ಹಾಯಿಸುವುದು ಮೊದಲ ಪರೀಕ್ಷೆ, ಸೊಟ್ಟವೋ ನೇರವೋ ಎಂದು. ಆಮೇಲೆ ಬೆಳಕಿಗೆ ಹಿಡಿದು ಮರದ ಗೆರೆ ನೋಡುತ್ತಿದ್ದರು. ಗೆರೆಗಳು ಒತ್ತಾಗಿ, ನೇರವಾಗಿ ಇಳಿದು ಬಂದು, ಕೋಲು ಬಾಗುವ ಕಡೆ ತಾವೂ ಬಾಗಿ ಮೂತಿಯವರೆಗೆ ಹೋಗಬೇಕು. ನಡುವೆಯೇ ಅಂಚಿಗೆ ಹಾಯ್ದು ಕಡಿದುಹೋಗಿದ್ದರೆ ಆ ಜಾಗದಲ್ಲೇ ಅದು ಒಂದು ದಿನ ಸೀಳುತ್ತದೆ. ಗಂಟಿದ್ದರೆ ನೇರವಾಗಿ ಪಕ್ಕಕ್ಕೆ. ಉಳಿದ ಮೂರು ನಾಲ್ಕನ್ನು ಹಿಡಿಯ ತುದಿಯಲ್ಲಿ ಎರಡೇ ಬೆರಳಿನಿಂದ ನೇತುಹಾಕಿ, ಮೂತಿಯನ್ನು ಅಂಗಡಿಯ ಸಿಮೆಂಟು ಮೆಟ್ಟಿಲಿಗೆ ಮೆಲ್ಲಗೆ ತಟ್ಟುತ್ತಿದ್ದರು. ಒಳ್ಳೆಯ ಕೋಲು 'ಟಣ್' ಎನ್ನುತ್ತಿತ್ತು, ಒಳಗೆ ಬಿರುಕಿದ್ದದ್ದು 'ಡಬ್' ಎನ್ನುತ್ತಿತ್ತು. ಕೊನೆಗೆ ಮೂತಿಯನ್ನು ನೆಲಕ್ಕೆ ಊರಿ ಮೈಭಾರ ಹಾಕಿ ಬಗ್ಗಿಸುವಾಗ ಅಂಗಡಿಯವನು "ಸಾರ್, ಮುರಿದರೆ ದುಡ್ಡು ಕೊಡಬೇಕು" ಎಂದು ಕೂಗುತ್ತಿದ್ದ.

ಈ ಕೋಲು ಹಿಪ್ಪುನೇರಳೆ ಮರದ್ದು ಎಂಬುದು ನಮಗೆ ಬಹಳ ದಿನ ಗೊತ್ತಿರಲಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಚನ್ನಪಟ್ಟಣ, ರಾಮನಗರದ ಅಕ್ಕಪಕ್ಕ ಕಾಣುತ್ತಿದ್ದ ರೇಷ್ಮೆ ಸೊಪ್ಪಿನ ಹೊಲಗಳೂ ನಮ್ಮ ತೊಡೆಯ ಮೇಲಿದ್ದ ಸ್ಟಿಕ್ಕೂ ಒಂದೇ ಬಳಗ! ನಮ್ಮಲ್ಲಿ ಹುಳುವಿಗೆ ಎಲೆ ಬೇಕು, ಆದ್ದರಿಂದ ಗಿಡವನ್ನು ಕತ್ತರಿಸಿ ಕತ್ತರಿಸಿ ಸೊಂಟದೆತ್ತರಕ್ಕೇ ನಿಲ್ಲಿಸುತ್ತೇವೆ. ಪಂಜಾಬಿನಲ್ಲಿ ಅದನ್ನು ಮರವಾಗಲು ಬಿಟ್ಟರು. ಲಾಹೋರಿನ ಹತ್ತಿರದ ಛಾಂಗಾ ಮಾಂಗಾ ಎಂಬ ನೆಡುತೋಪನ್ನು ಬ್ರಿಟಿಷರು 1866ರಲ್ಲಿ ಶುರುಮಾಡಿದ್ದು ರೈಲು ಎಂಜಿನ್ನಿಗೆ ಸೌದೆ ಬೇಕೆಂದು. ರೈಲಿಗೆ ಕಲ್ಲಿದ್ದಲು ಬಂತು, ತೋಪಿನ ಹಿಪ್ಪುನೇರಳೆ ಸಿಯಾಲ್‌ಕೋಟಿನ ಆಟದ ಸಾಮಾನಿನ ಕಾರ್ಖಾನೆಗಳಿಗೆ ಹೋಯಿತು. ಸಿಯಾಲ್‌ಕೋಟಿನಲ್ಲಿ 1880ರ ದಶಕದಿಂದಲೇ ಈ ಉದ್ಯಮ ಬೆಳೆದಿತ್ತು.

ಇಂಗ್ಲಿಷರ ಹಳೆಯ ಸ್ಟಿಕ್ಕು ಆಶ್ ಮರದ್ದು, ಮೂತಿ ಉದ್ದ. ಹಿಪ್ಪುನೇರಳೆಯ ಗುಣವೆಂದರೆ ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದರೆ ಸೀಳದೆ ಗಿಡ್ಡಗೆ ಬಾಗುತ್ತದೆ, ಒಣಗಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಮೂತಿ ಗಿಡ್ಡವಾದದ್ದರಿಂದ ಕೋಲನ್ನು ಚೆಂಡಿನ ಆಚೆಗೂ ಈಚೆಗೂ ಚಕಚಕನೆ ತಿರುಗಿಸಬಹುದು. ನಮ್ಮವರ ಡ್ರಿಬ್ಲಿಂಗಿನ ಅರ್ಧ ಗುಟ್ಟು ಆ ಬಾಗಿನಲ್ಲಿದೆ ಎಂಬುದು ನಮ್ಮ ಅಭಿಪ್ರಾಯ, ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಬಹುದು. ಹಿಡಿಗೆ ಬೆತ್ತ, ಬೆತ್ತದ ನಡುವೆ ರಬ್ಬರು ಪಟ್ಟಿ. ಕ್ರಿಕೆಟ್ ಬ್ಯಾಟಿನ ಹಾಗೆ ಹಿಡಿಯನ್ನು 'ವಿ' ಆಕಾರದಲ್ಲಿ ಕೆಳಗಿನ ಮರಕ್ಕೆ ಕೂಡಿಸುತ್ತಿದ್ದರು. 1947ರಲ್ಲಿ ದೇಶ ಹೋಳಾದಾಗ ಸಿಯಾಲ್‌ಕೋಟಿನ ಹಿಂದೂ, ಸಿಖ್ ಕಸುಬುದಾರರು ಉಟ್ಟ ಬಟ್ಟೆಯಲ್ಲಿ ಹೊರಟು ಜಲಂಧರದಲ್ಲಿ ನೆಲೆ ನಿಂತರು. ನಾವು ಮೈಸೂರಿನಲ್ಲಿ ಕೊಂಡ ಸ್ಟಿಕ್ಕಿನ ಮೇಲೆ ಜಲಂಧರದ ಸೀಲು ಇತ್ತು.

ಧ್ಯಾನ್ ಚಂದರ ಸ್ಟಿಕ್ಕಿನ 'ಪರೀಕ್ಷೆ'ಯ ಕಥೆಯನ್ನು ನೀವೂ ಕೇಳಿರುತ್ತೀರಿ. ಹಾಲೆಂಡಿನಲ್ಲಿ ಅವರ ಸ್ಟಿಕ್ಕಿನೊಳಗೆ ಅಯಸ್ಕಾಂತ ಇದೆಯೆಂದು ಅನುಮಾನಪಟ್ಟು ಅದನ್ನು ಮುರಿಸಿ ನೋಡಿದರಂತೆ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಅವರು 14 ಗೋಲು ಹೊಡೆದದ್ದು, ಭಾರತದ ಮೇಲೆ ಒಂದೂ ಗೋಲು ಆಗದೆ ಇದ್ದದ್ದು ದಾಖಲೆಯಲ್ಲಿದೆ. ಮುರಿಸಿದ್ದು ಮಾತ್ರ ಕಥೆ. ಆಗಿನ ಚೆಂಡು ಬಿರಡೆ, ಹುರಿ, ಮೇಲೆ ತೊಗಲು. ಇದಕ್ಕೆ ಯಾವ ಅಯಸ್ಕಾಂತ ಏನು ಮಾಡೀತು! ಆದರೂ ಕಥೆ ನಮಗೆ ಇಷ್ಟ.

ನಮ್ಮ ಕೋಲಿನ ಆರೈಕೆಯೂ ಸಣ್ಣದಾಗಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ ಅಗಸೆ ಎಣ್ಣೆ ಸವರುತ್ತಿದ್ದೆವು. ಇಷ್ಟು ಮಾಡಿದರೂ ಒಂದು ದಿನ ಬಾಗಿನ ಹತ್ತಿರ ಕೂದಲೆಳೆಯಷ್ಟು ಗೆರೆ ಕಾಣಿಸುತ್ತಿತ್ತು. ಕಾಣಿಸುವುದಕ್ಕೂ ಮೊದಲು ಶಬ್ದ ಬದಲಾಗುತ್ತಿತ್ತು. "ಸ್ಟಿಕ್ಕು ಕೆಮ್ಮೋದಕ್ಕೆ ಶುರುಮಾಡಿದೆ, ನೋಡ್ಕೋ" ಎನ್ನುತ್ತಿದ್ದರು ಸೀನಿಯರ್. ಆಗ ಬಿರುಕಿಗೆ ಅಂಟು ತುಂಬಿ, ದಾರ ಬಿಗಿಯಾಗಿ ಸುತ್ತಿ, ಮೇಲೆ ಟೇಪು ಹಾಕುವುದು. ಹಾಸ್ಟೆಲಿನಲ್ಲಿ ಇದಕ್ಕೆ 'ಪುತ್ತೂರು ಕಟ್ಟು' ಎಂದೇ ಹೆಸರು. ಬೆಳಿಗ್ಗೆ ಮೂಳೆ ವಿಭಾಗದಲ್ಲಿ ಪ್ರೊಫೆಸರ್ ಪುತ್ತೂರು ಕಟ್ಟನ್ನು ಬೈಯುತ್ತಿದ್ದರು, ಸಾಯಂಕಾಲ ನಾವು ಸ್ಟಿಕ್ಕಿಗೆ ಅದನ್ನೇ ಕಟ್ಟುತ್ತಿದ್ದೆವು. ಕಟ್ಟಿದ ಕೋಲು ಇನ್ನೂ ಒಂದು ಋತು ಆಡುತ್ತಿತ್ತು.

ಅದೇ ವಿಭಾಗದಲ್ಲಿ 'ಗ್ರೀನ್‌ಸ್ಟಿಕ್ ಫ್ರಾಕ್ಚರ್' ಎಂಬುದನ್ನು ಕಲಿತೆವು. ಹಸಿ ಕಡ್ಡಿಯನ್ನು ಬಗ್ಗಿಸಿದರೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿಕೊಂಡೇ ಇರುವ ಹಾಗೆ, ಎಳೆಯ ಮಕ್ಕಳ ಮೂಳೆ ಪೂರ್ತಿ ಎರಡಾಗದೆ ಅರ್ಧ ಮುರಿಯುತ್ತದೆ. ಮೂಳೆಯಲ್ಲಿ ಬಾಗುವ ನಾರೂ ಇದೆ, ಗಡುಸಾದ ಖನಿಜವೂ ಇದೆ. ಮಕ್ಕಳಲ್ಲಿ ನಾರಿನ ಕೈ ಮೇಲು. ವಯಸ್ಸಾದ ಹಾಗೆ ಅದು ತಿರುಗುಮುರುಗಾಗಿ, ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆ ಕಟ್ಟೆಂದು ಎರಡಾಗುತ್ತದೆ. ಮರದ ಸ್ಟಿಕ್ಕು ಮುರಿಯುತ್ತಿದ್ದದ್ದು ಸಾಮಾನ್ಯವಾಗಿ ಮಕ್ಕಳ ಮೂಳೆಯ ಹಾಗೆ. ಎಲ್ಲ ಕೋಲೂ ಹೇಳಿಕಳಿಸಿಯೇ ಮುರಿಯುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಹಿಡಿಯ ಕೂಡುವಿಕೆ ಬಿಟ್ಟುಕೊಂಡು ಕೆಳಗಿನ ತುಂಡು ಹಾರಿದ್ದನ್ನೂ ನೋಡಿದ್ದೇವೆ.

ಮರಕ್ಕೆ ಕೊನೆಗಾಲ ಬಂದದ್ದು ಹುಲ್ಲು ಹೋದದ್ದರಿಂದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಿಸಿದರು. ಹಿಂದಿನ ವರ್ಷ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಈ ಸೋಲಿನ ಬಗ್ಗೆ ಊರಿನ ಪತ್ರಿಕೆಗಳಲ್ಲಿ ಬಂದದ್ದು ಅಷ್ಟಿಷ್ಟಲ್ಲ, ಅದನ್ನು ಇಲ್ಲಿ ಎತ್ತುವುದಿಲ್ಲ. ಕೋಲಿಗೆ ಏನಾಯಿತು ಎಂಬುದಷ್ಟೇ ನಮ್ಮ ಮಾತು. ಮರಳು ತುಂಬಿದ ಹಾಸು ಉಪ್ಪುಕಾಗದದ ಹಾಗೆ ಮೂತಿಯನ್ನು ತೇಯುತ್ತದೆ. ನೀರು ಚಿಮುಕಿಸಿ ಆಡುವ ಹಾಸಿನಲ್ಲಿ ಮರ ನೀರು ಕುಡಿದು ಮೆತ್ತಗಾಗುತ್ತದೆ. ಮಣ್ಣಿನ ಮೈದಾನದಲ್ಲಿ ನಾಲ್ಕು ವರ್ಷ ಬಂದ ಕೋಲು ಇಂಥ ಕಡೆ ಬೇಗನೆ ಹಣ್ಣಾಗುತ್ತದೆ. ಚೆಂಡಿನ ವೇಗವೂ ಹೆಚ್ಚಿತು, ಕೋಲಿನಿಂದ ಕೇಳುವ ಬಲವೂ ಹೆಚ್ಚಿತು.

ತಯಾರಕರು ಮೊದಲು ಒಂದೇ ಮರದ ತುಂಡಿನ ಬದಲು ತೆಳ್ಳಗಿನ ಪದರಗಳನ್ನು ಅಂಟಿಸಿ ಬಗ್ಗಿಸಿದರು. ಇದರಿಂದ ಬಾಗು ಇನ್ನೂ ಗಿಡ್ಡವಾಯಿತು. ಆಮೇಲೆ ಮರದ ಮೇಲೆ ಗಾಜಿನ ನಾರಿನ ಹೊದಿಕೆ ಬಂತು, ಅದರ ಜೊತೆಗೆ ಕೆವ್ಲರ್. ಕೆವ್ಲರ್ ನಮ್ಮ ನೆರೆಯ ವಿಲ್ಮಿಂಗ್ಟನ್ನಿನಲ್ಲಿ, ಡ್ಯೂಪಾಂಟ್ ಪ್ರಯೋಗಶಾಲೆಯಲ್ಲಿ, ಸ್ಟೆಫನಿ ಕ್ವೊಲೆಕ್ ಎಂಬ ರಸಾಯನಶಾಸ್ತ್ರಜ್ಞೆ 1965ರಲ್ಲಿ ಕಂಡುಕೊಂಡದ್ದು. ಕೊನೆಗೆ ಒಳಗಿನ ಮರವೇ ಹೋಯಿತು. ಈಗಿನ ಸ್ಟಿಕ್ಕು ಒಳಗೆ ಟೊಳ್ಳು. ಕಾರ್ಬನ್, ಗಾಜು, ಕೆವ್ಲರ್ ನಾರುಗಳ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಪದರ ಪದರವಾಗಿ ಸುತ್ತಿ, ಅಚ್ಚಿನಲ್ಲಿಟ್ಟು ಬೇಯಿಸುತ್ತಾರೆ. ಕಾರ್ಬನ್ ಹೆಚ್ಚಿದಷ್ಟೂ ಕೋಲು ಬಿಗಿ, ಹೊಡೆತ ಜೋರು, ಬೆಲೆಯೂ ಜೋರು. ಮಳೆಗೆ ನೆನೆಯುವುದಿಲ್ಲ, ಎಣ್ಣೆ ಕೇಳುವುದಿಲ್ಲ. ಒಂದೇ ಅಚ್ಚಿನಿಂದ ಬಂದ ನೂರು ಕೋಲಿನ ತೂಕವೂ ಸಮತೋಲವೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಹತ್ತು ಇಳಿಸಿಕೊಂಡು ಒಂದನ್ನು ಆರಿಸುವ ಸೀನಿಯರ್‌ಗೆ ಇಲ್ಲಿ ಕೆಲಸವಿಲ್ಲ. ದಿನನಿತ್ಯದ ಸವೆತವನ್ನು ಇದು ಮರಕ್ಕಿಂತ ಚೆನ್ನಾಗಿ ತಾಳುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಕಾರ್ಬನ್ ನಾರು ಹಿಗ್ಗುವ ಜಾತಿಯಲ್ಲ. ನೂರು ಅಂಗುಲದ ಎಳೆ ಒಂದೆರಡು ಅಂಗುಲ ಹಿಗ್ಗುವಷ್ಟರಲ್ಲಿ ಕಡಿದುಹೋಗುತ್ತದೆ. ಇನ್ನೊಂದು ಕೋಲಿನ ಅಂಚು ಬಲವಾಗಿ ಬಡಿದಾಗ ಹೊರಗೆ ಬಣ್ಣ ಹಾರಿದ ಸಣ್ಣ ಗುರುತು ಮಾತ್ರ ಕಾಣುತ್ತದೆ, ಒಳಗೆ ಪದರಗಳು ಒಂದನ್ನೊಂದು ಬಿಟ್ಟಿರುತ್ತವೆ.

ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. 2014ರ ಅಕ್ಟೋಬರಿನಲ್ಲಿ ನಮ್ಮ ಮಗಳು ಹೈಸ್ಕೂಲು ತಂಡದಲ್ಲಿ ಆಡುತ್ತಿದ್ದಳು. ಆ ಬೇಸಿಗೆಯಲ್ಲೇ ಅವಳಿಗೆ ಒಳ್ಳೆಯ ಕಾರ್ಬನ್ ಸ್ಟಿಕ್ಕು ಕೊಡಿಸಿದ್ದೆವು. ಪಂದ್ಯಕ್ಕೆ ಎರಡು ವಾರ ಮೊದಲು ಅವಳು "ಅಪ್ಪ, ಇದರ ಸೌಂಡ್ ಬೇರೆ ಥರ ಇದೆ" ಎಂದಳು. ನಾವು ಅಡುಗೆಮನೆಯ ದೀಪದ ಕೆಳಗೆ ಹಿಡಿದು ನೋಡಿದೆವು. ಬಾಗಿಗಿಂತ ಒಂದು ಗೇಣು ಮೇಲೆ ಬಣ್ಣ ಹೋಗಿತ್ತು, ಬಿರುಕೇನೂ ಇರಲಿಲ್ಲ. "ಮೂರು ತಿಂಗಳ ಸ್ಟಿಕ್ಕು, ಇಷ್ಟು ದುಡ್ಡು ಕೊಟ್ಟಿದ್ದೀವಿ, ಏನೂ ಆಗಲ್ಲ, ಆಡು" ಎಂದೆವು. ಮೈಸೂರಿನ ಮೆಟ್ಟಿಲು ಆಗ ನಮ್ಮ ನೆನಪಿಗೇ ಬರಲಿಲ್ಲ.

ಪಂದ್ಯದ ದ್ವಿತೀಯಾರ್ಧದಲ್ಲಿ ಅವಳು ಜೋರಾಗಿ ಹೊಡೆದಾಗ ಕೋಲು ಅದೇ ಜಾಗದಲ್ಲಿ ತುಂಡಾಯಿತು. ಕೆಳಗಿನ ಅರ್ಧ ಗಿರಗಿರನೆ ಹಾರಿ ಎದುರು ತಂಡದ ಹುಡುಗಿಯ ಮುಖಕ್ಕೆ ಬಡಿಯಿತು. ನಾವು ಬೇಲಿ ದಾಟಿ ಓಡಿದೆವು. ಎಲುಬು ಮುರಿದಿರಲಿಲ್ಲ. ತಂತಿಬಲೆಯ ಕನ್ನಡಕ ಸೊಟ್ಟಗಾಗಿತ್ತು, ಕೆನ್ನೆಯ ಮೂಳೆಯ ಮೇಲೆ ಅರ್ಧ ಅಂಗುಲ ಚರ್ಮ ಸೀಳಿತ್ತು. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡಿದೆವು, ಎರಡೂ ಸರಿಯಾಗಿ ಕಿರಿದಾದವು. ಆ ಹೊತ್ತಿಗೆ ನಮ್ಮ ಕೈ ನಡುಗುತ್ತಿದ್ದದ್ದನ್ನು ಆ ಮಗುವಿನ ತಾಯಿ ಗಮನಿಸಿದರೋ ಇಲ್ಲವೋ ತಿಳಿಯದು. ಎಮರ್ಜೆನ್ಸಿಯಲ್ಲಿ ಎಷ್ಟೋ ಮುಖಗಳನ್ನು ನೋಡಿದ್ದೇವೆ. ಆದರೆ ಈ ಕೋಲನ್ನು ಕೊಡಿಸಿದವರೂ ನಾವು, 'ಆಡು' ಎಂದು ಕಳಿಸಿದವರೂ ನಾವು.

ಅಮೆರಿಕದ ಹೈಸ್ಕೂಲು ಹಾಕಿಯಲ್ಲಿ ಕಣ್ಣಿನ ರಕ್ಷಣೆಯ ಕನ್ನಡಕ ಕಡ್ಡಾಯವಾದದ್ದು 2011ರ ಋತುವಿನಿಂದ. ಅದು ಬಂದಾಗ ಆಟದ ಸೊಗಸು ಕೆಡುತ್ತದೆ ಎಂದು ಹೇಳಿದವರಲ್ಲಿ ನಾವೂ ಇದ್ದೆವು. ಕಡ್ಡಾಯವಾದ ಮೇಲೆ ಕಣ್ಣಿನ ಪೆಟ್ಟುಗಳು ಕಡಿಮೆಯಾದದ್ದು ಆಮೇಲೆ ಅಧ್ಯಯನಗಳಲ್ಲೂ ಕಂಡುಬಂತು. ನಾಲ್ಕು ವರ್ಷ ಮೊದಲು ಅದೇ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ಬಿಡಿಸಿ ಬರೆಯಬೇಕಾಗಿಲ್ಲ.

ಆ ರಾತ್ರಿ ಮುರಿದ ತುಂಡನ್ನು ನೋಡಿದೆವು. ಮುರಿದ ಬಾಯಲ್ಲಿ ಕರಿಯ ನಾರುಗಳು ಕುಂಚದ ಹಾಗೆ ಎದ್ದಿದ್ದವು, ಮುಟ್ಟಿದ ಬೆರಳಿಗೆ ಮುಳ್ಳಿನಂತೆ ಚುಚ್ಚಿದವು. ಚಿಮಟದಿಂದ ಅವನ್ನು ಕೀಳುತ್ತಾ ಕೂತಾಗ ಆವೆನ್‌ಬ್ರುಗರ್ ನೆನಪಾದ. ನಮ್ಮಲ್ಲಿ ವೈದ್ಯರು ಬಹಳ ಇರುವುದರಿಂದ ಅವರಿಗೆ ಈ ಹೆಸರು ಹೊಸದಲ್ಲ, ಉಳಿದವರಿಗಾಗಿ ಹೇಳುತ್ತೇವೆ. ಲಿಯೊಪೋಲ್ಡ್ ಆವೆನ್‌ಬ್ರುಗರ್ ಆಸ್ಟ್ರಿಯಾದ ಗ್ರಾಜ್ ಊರಿನ ಒಬ್ಬ ಛತ್ರದವನ ಮಗ. ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟಿದೆಯೆಂದು ತಟ್ಟಿ ನೋಡುವ ರೂಢಿ ಇತ್ತಲ್ಲ, ಆತ ವಿಯೆನ್ನಾದಲ್ಲಿ ವೈದ್ಯನಾದ ಮೇಲೆ ಅದೇ ರೀತಿ ರೋಗಿಯ ಎದೆಯನ್ನು ತಟ್ಟಿ, ಒಳಗೆ ಗಾಳಿ ಇದೆಯೋ ನೀರು ತುಂಬಿದೆಯೋ ಎಂದು ಹೇಳುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ. ಬಹುಪಾಲು ವೈದ್ಯರು ಕಿವಿಗೊಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆಯೇ ಲೋಕ ಒಪ್ಪಿದ್ದು. ನಾವು ಎಂಬಿಬಿಎಸ್‌ನಲ್ಲಿ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ತಟ್ಟಲು ಕಲಿತದ್ದು ಅದೇ ವಿದ್ಯೆ. ಸ್ಕ್ಯಾನ್ ಬಂದ ಮೇಲೆ ಅದನ್ನು ನಾವೇ ಮರೆಯುತ್ತಿದ್ದೇವೆ.

ವಿಮಾನದ ಕಾರ್ಬನ್ ಭಾಗಗಳನ್ನು ಪರೀಕ್ಷಿಸುವವರು ಮಾತ್ರ ಇನ್ನೂ ಮರೆತಿಲ್ಲ. ದೊಡ್ಡ ಯಂತ್ರಗಳ ಜೊತೆಗೆ ಅವರು ನಾಣ್ಯವೊಂದನ್ನೋ ಸಣ್ಣ ಸುತ್ತಿಗೆಯನ್ನೋ ಹಿಡಿದು ಮೇಲ್ಮೈಯನ್ನು ತಟ್ಟುತ್ತಾ ಹೋಗುತ್ತಾರೆ. ಪದರ ಬಿಟ್ಟಿರುವ ಕಡೆ ಸ್ವರ ಮಂಕಾಗುತ್ತದೆ. ಆ ರಾತ್ರಿ ನಾವೂ ಒಂದು ಕ್ವಾರ್ಟರ್ ನಾಣ್ಯದಿಂದ ಉಳಿದ ತುಂಡನ್ನು ತಟ್ಟಿದೆವು. ಹಿಡಿಯ ಕಡೆಯಿಂದ ಬರುವಾಗ 'ಟಿಕ್ ಟಿಕ್' ಎನ್ನುತ್ತಿದ್ದದ್ದು ಮುರಿದ ಬಾಯಿಗೆ ಮೂರು ಅಂಗುಲ ಇರುವಾಗಲೇ 'ತಪ್ ತಪ್' ಎಂದಿತು. ಮಗಳು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. "ನಾನು ಹೇಳಿದ್ದೆ ಅಲ್ವಾ ಅಪ್ಪ" ಎಂದಳು, ಅಷ್ಟೇ. ಹೌದು, ಹೇಳಿದ್ದಳು.

ಇಂದಿನ ನಿಯಮಪುಸ್ತಕ ಏನನ್ನು ಪರೀಕ್ಷಿಸುತ್ತದೆ ಎಂದು ನೋಡಿದೆವು. ಕೋಲು 51 ಮಿಲಿಮೀಟರ್ ಒಳಅಳತೆಯ ಬಳೆಯೊಳಗೆ ತೂರಿ ಬರಬೇಕು. ತೂಕ 737 ಗ್ರಾಂ ದಾಟಬಾರದು. ಉದ್ದಕ್ಕೆ ಬಿಲ್ಲಿನಂತೆ ಬಾಗಿರುವುದು 25 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಕಾರ್ಬನ್ನಿನಲ್ಲಿ ಹೇಗೆ ಬೇಕಾದರೂ ಅಚ್ಚು ಹೊಯ್ಯಬಹುದಾದ್ದರಿಂದ ಬಿಲ್ಲು ಹೆಚ್ಚುತ್ತಾ ಹೋಗಿ, ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕವಣೆಯಂತೆ ಎಸೆಯತೊಡಗಿದ್ದರು. 2006ರಲ್ಲಿ ಆ ಮಿತಿ ಬಂತು. ಅಂಚು ನುಣುಪಾಗಿರಬೇಕು ಎಂದೂ ಇದೆ. ಇವೆಲ್ಲ ಬೇಕಾದದ್ದೇ. ಆದರೆ ಇವು ಕೋಲಿನ ಆಕಾರವನ್ನೂ ಮೇಲ್ಮೈಯನ್ನೂ ಅಳೆಯುವ ಪರೀಕ್ಷೆಗಳು. ಕಾರ್ಖಾನೆಯಲ್ಲಿ ಯಂತ್ರದ ಮೇಲಿಟ್ಟು ಬಗ್ಗಿಸಿ ನೋಡುವುದು ಹೊಸ ಕೋಲನ್ನು. ಮೂರು ತಿಂಗಳು ಆಡಿ, ಎರಡು ಪೆಟ್ಟು ತಿಂದ ಕೋಲನ್ನು ನೋಡುವವರು ಅದನ್ನು ಹಿಡಿದವರೇ.

ಪಿಕ್ನಿಕ್ಕಿನಲ್ಲಿ ಪ್ರಶ್ನೆ ಕೇಳಿದ ಮಿತ್ರರಿಗೆ ಉತ್ತರ ಇದು: ಒಳ್ಳೆಯ ಕಾರ್ಬನ್ ಸ್ಟಿಕ್ಕು ಪೆಟ್ಟು ಬೀಳದಿದ್ದರೆ ಹಲವು ಋತು ಬರುತ್ತದೆ, ಬಿದ್ದರೆ ನಾಳೆಯೇ ಹೋಗಬಹುದು. ಬಣ್ಣ ಹಾರಿದ ಜಾಗವನ್ನು ಟೇಪಿನಿಂದ ಮುಚ್ಚಬೇಡಿ. ಪುತ್ತೂರು ಕಟ್ಟು ಇದಕ್ಕೆ ನಡೆಯುವುದಿಲ್ಲ.

ಬರುವ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಊಟಕ್ಕೆ ಮೊದಲು ನಾವು ಒಂದು ಕ್ವಾರ್ಟರ್ ನಾಣ್ಯ ಹಿಡಿದುಕೊಂಡು ಮರದ ಕೆಳಗೆ ಕೂತಿರುತ್ತೇವೆ. ಮಕ್ಕಳ ಸ್ಟಿಕ್ಕುಗಳನ್ನು ತನ್ನಿ, ಫೀಸು ಇಲ್ಲ. ಕನ್ನಡಕವಿಲ್ಲದವರನ್ನು ಆಟಕ್ಕೆ ಸೇರಿಸುವುದಿಲ್ಲ ಎಂದು ಸಮಿತಿಯವರು ಒಪ್ಪಿದ್ದಾರೆ. ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದ ಮೈಸೂರಿನ ಸ್ಟಿಕ್ಕು ಇನ್ನೂ ನಮ್ಮ ಬೇಸ್‌ಮೆಂಟಿನಲ್ಲಿದೆ, ಅದನ್ನೂ ತರುತ್ತೇವೆ. ಮುಟ್ಟಿ ನೋಡಬಹುದು, ಆಡಲು ಕೊಡುವುದಿಲ್ಲ. ಹೋದ ವರ್ಷದಿಂದ ಅದು ಕೆಮ್ಮುತ್ತಿದೆ.